ಹಳೆಯ ಪಿಸ್ಟನ್ನಿಗೊಂದು ಪಂಚನಾಮೆ

ನಾಟಿಯ ಹೊತ್ತಿನಲ್ಲಿ ಖಾನಾಪುರದ ಗದ್ದೆಯೊಂದರಲ್ಲಿ ಪವರ್ ಟಿಲ್ಲರ್ ನಿಂತುಹೋಯಿತೆನ್ನಿ. ಮಿಸ್ತ್ರಿ ಬಂದು ಹೆಡ್ ಬಿಚ್ಚಿ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾನೆ: ‘ಪಿಸ್ಟನ್ ಹೋಗೇತ್ರಿ.’ ಮುಂದಿನದೆಲ್ಲ ಗೊತ್ತಿದ್ದದ್ದೇ. ಬೆಳಗಾವಿಗೆ ಹೋಗಿ ಕಿಟ್ ತರುವುದು, ಲೈನರ್ ಬದಲಿಸುವುದು ಇಲ್ಲವೇ ಬೋರ್ ಮಾಡಿಸುವುದು, ಹೊಸ ರಿಂಗ್ ಏರಿಸಿ ಎಂಜಿನ್ ಕಟ್ಟುವುದು, ಹಳೆಯ ಪಿಸ್ಟನ್ನನ್ನು ಗುಜರಿ ಡಬ್ಬಿಗೆ ಎಸೆಯುವುದು. ಎರಡು ತಿಂಗಳಲ್ಲಿ ಅದೇ ಎಂಜಿನ್ ಮತ್ತೆ ಹಿಡಿದುಕೊಂಡರೆ ಬೈಗುಳ ಕಿಟ್ ಮಾಡಿದ ಕಂಪನಿಗೆ, ಇಲ್ಲವೇ ಬೋರ್ ಮಾಡಿದವನಿಗೆ. ಆದರೆ ಪಿಸ್ಟನ್ ತಾನಾಗಿ ಸಾಯುವುದು ಬಲು ಅಪರೂಪ. ಗಾಳಿ, ಎಣ್ಣೆ, ನೀರು, ಇಂಧನ ಈ ನಾಲ್ಕರಲ್ಲಿ ಯಾವುದೋ ಒಂದು ತಪ್ಪಿದಾಗ ಮೊದಲ ಪೆಟ್ಟು ತಿನ್ನುವ ಭಾಗ ಅದು. ಪೆಟ್ಟು ಎಲ್ಲಿಂದ ಬಂತೆಂಬ ಗುರುತೂ ಅದರ ಮೈಮೇಲೆಯೇ ಉಳಿದಿರುತ್ತದೆ. ಪಂಚನಾಮೆ ಮಾಡದೆ ಹೆಣ ಸುಟ್ಟಂತೆ ನಾವು ಅದನ್ನು ಗುಜರಿಗೆ ಹಾಕುತ್ತೇವೆ. ಕೊಂದವನು ಎಂಜಿನ್ನಿನೊಳಗೇ ಉಳಿದು ಹೊಸ ಪಿಸ್ಟನ್ನಿಗಾಗಿ ಕಾಯುತ್ತಾನೆ.

ಪಿಸ್ಟನ್ನಿನ ಕೆಲಸ ಹೇಳುವುದಕ್ಕೆ ಸರಳ. ಸಿಲಿಂಡರಿನೊಳಗೆ ಉರಿದ ಇಂಧನದ ಒತ್ತಡವನ್ನು ತಲೆಯ ಮೇಲೆ ಹೊತ್ತು, ಗಜನ್ ಪಿನ್ನಿನ ಮೂಲಕ ಕನೆಕ್ಟಿಂಗ್ ರಾಡಿಗೆ, ಅಲ್ಲಿಂದ ಕ್ರ್ಯಾಂಕಿಗೆ ದಾಟಿಸುವುದು. ಗಾಳಿ ಎಳೆದುಕೊಳ್ಳಲು ಒಮ್ಮೆ ಕೆಳಕ್ಕೆ, ಅದನ್ನು ಒತ್ತಲು ಮೇಲಕ್ಕೆ, ಉರಿಯ ನೂಕಿಗೆ ಮತ್ತೆ ಕೆಳಕ್ಕೆ, ಹೊಗೆ ಹೊರಹಾಕಲು ಮತ್ತೆ ಮೇಲಕ್ಕೆ. ನಾಲ್ಕು ಓಟದಲ್ಲಿ ದುಡಿಮೆಯದು ಒಂದೇ, ಉಳಿದ ಮೂರೂ ಅದರ ತಯಾರಿ. ಸರಳವಲ್ಲದ್ದು ಇದರಲ್ಲಿ ಅಡಗಿದ ಲೆಕ್ಕ. ಬೆಳಗಾವಿಯ ಯಾವ ಗಲ್ಲಿಯಲ್ಲಿ ನಿಂತರೂ ಕಣ್ಣಿಗೆ ಬೀಳುವ ಸ್ಪ್ಲೆಂಡರ್ ಬೈಕನ್ನೇ ತೆಗೆದುಕೊಳ್ಳಿ. ಅದರ ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ ಓಡುವ ದೂರ 49.5 ಮಿ.ಮೀ., ಎರಡೂ ಸೇರಿ 97.2 ಸಿಸಿ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸುತ್ತು; ಅಂದರೆ ಪಿಸ್ಟನ್ ಸೆಕೆಂಡಿಗೆ ಇನ್ನೂರು ಸಲ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಹಾಗೆ ತಿರುಗುವ ಕ್ಷಣದಲ್ಲಿ ಅದು ತನ್ನದೇ ತೂಕದ ಸಾವಿರ ಪಟ್ಟಿನಷ್ಟು ಸೆಳೆತವನ್ನು ಪಿನ್ನಿನ ಮೇಲೆ ಹೇರುತ್ತದೆ. ಉರಿಯ ಒತ್ತಡ 50 ಬಾರ್ ತಲುಪಿತೆಂದರೆ ಆ ಪುಟ್ಟ ತಲೆಯ ಮೇಲೆ ಬೀಳುವ ಭಾರ ಸುಮಾರು ಒಂದು ಟನ್. ಹೊಸ ತಲೆಮಾರಿನ ಡೀಸೆಲ್ ಲಾರಿಯೊಂದರಲ್ಲಿ 100 ಮಿ.ಮೀ. ವ್ಯಾಸದ ಪಿಸ್ಟನ್ನಿಗೆ 150 ಬಾರ್ ಒತ್ತಡವೆಂದರೆ ಹನ್ನೆರಡು ಟನ್ನಿಗೆ ಹತ್ತಿರ, ಅದೂ ನಿಮಿಷಕ್ಕೆ ನೂರಾರು ಸಲ.

ಇಷ್ಟು ಹೊರುವ ವಸ್ತು ಉಕ್ಕಾಗಿರಬೇಕೆಂದು ಯಾರಾದರೂ ಅಂದುಕೊಂಡಾರು. ಲಾರಿಗಳಲ್ಲಿ ಉಕ್ಕಿನ ಪಿಸ್ಟನ್ನುಗಳೂ ಇವೆ. ಮೊದಲ ಕಾಲದ ಎಂಜಿನ್ನುಗಳಲ್ಲಿ ಬೀಡಿನವೇ ಇದ್ದವು. ಆದರೆ ಬೈಕು, ಕಾರು, ಟ್ರ್ಯಾಕ್ಟರುಗಳಲ್ಲಿ ಬಹುಪಾಲು ಪಿಸ್ಟನ್ನುಗಳು ಅಲ್ಯುಮಿನಿಯಂ ಮಿಶ್ರಲೋಹದವು, ಹೆಚ್ಚಾಗಿ ಶೇ. 11ರಿಂದ 13ರಷ್ಟು ಸಿಲಿಕಾನ್ ಬೆರೆಸಿದವು. ಹಗುರಾಗಿರಬೇಕು, ಶಾಖವನ್ನು ಬೇಗ ದಾಟಿಸಬೇಕು ಎಂಬ ಎರಡು ಬೇಡಿಕೆ ಈ ಲೋಹವನ್ನು ಗೆಲ್ಲಿಸಿವೆ. ಬೆಲೆ ತೆರಬೇಕಾದದ್ದು ಬೇರೆ ಕಡೆ. ಸಿಲಿಂಡರಿನಲ್ಲಿ ಉರಿಯುವ ಅನಿಲದ ಬಿಸಿ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಈ ಮಿಶ್ರಲೋಹವೋ 570ರ ಆಸುಪಾಸಿನಲ್ಲಿ ಕರಗತೊಡಗುತ್ತದೆ, 300 ಡಿಗ್ರಿಯಲ್ಲೇ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಂಡಿರುತ್ತದೆ. ಆದರೂ ಅದು ಬದುಕುವುದು ಶಾಖ ಅದರಲ್ಲಿ ನಿಲ್ಲದೆ ಹರಿದುಹೋಗುವುದರಿಂದ. ತಲೆಗೆ ತಾಗಿದ ಬಿಸಿ ರಿಂಗುಗಳ ಮೂಲಕ ಸಿಲಿಂಡರ್ ಗೋಡೆಗೆ, ಗೋಡೆಯಿಂದ ನೀರಿಗೋ ಬೈಕಾದರೆ ರೆಕ್ಕೆಗಳ ಮೇಲಿನ ಗಾಳಿಗೋ ಹೋಗುತ್ತದೆ. ಇನ್ನಷ್ಟು ಪಿಸ್ಟನ್ನಿನ ಹೊಟ್ಟೆಗೆ ಚಿಮ್ಮುವ ಎಣ್ಣೆಗೆ. ಹೀಗಾಗಿ ರಿಂಗ್ ಎಂದರೆ ಗಾಳಿ ಸೋರದಂತೆ ತಡೆಯುವ ಬಳೆಯಷ್ಟೇ ಎಂದುಕೊಳ್ಳುವುದು ಅರ್ಧ ತಿಳಿವಳಿಕೆ. ಶಾಖ ಇಳಿದುಹೋಗುವ ಮುಖ್ಯ ದಾರಿಯೂ ಅದೇ. ಮಸಿಗಟ್ಟಿ ತನ್ನ ತೋಡಿನಲ್ಲಿ ಅಂಟಿಕೊಂಡ ರಿಂಗ್ ಮೊದಲು ಎಣ್ಣೆ ತಿನ್ನಿಸುತ್ತದೆ, ಆಮೇಲೆ ಪಿಸ್ಟನ್ನನ್ನೇ ಬೇಯಿಸುತ್ತದೆ.

ಆಕಾರದ ಗುಟ್ಟೊಂದಿದೆ. ಕೈಯಲ್ಲಿ ಹಿಡಿದ ಪಿಸ್ಟನ್ ದುಂಡಗೆ ಕಾಣುತ್ತದೆ. ಮೈಕ್ರೋಮೀಟರ್ ಇಟ್ಟರೆ ದುಂಡಗಿಲ್ಲ. ಪಿನ್ನಿನ ದಿಕ್ಕಿನಲ್ಲಿ ಕಿರಿದು, ಅದಕ್ಕೆ ಅಡ್ಡಲಾಗಿ ಹಿರಿದು, ತಲೆಯ ಕಡೆ ಕೊಂಚ ಸಪೂರ. ಅಲ್ಯುಮಿನಿಯಂ ಬಿಸಿಗೆ ಬೀಡಿನ ಸುಮಾರು ಎರಡರಷ್ಟು ಉಬ್ಬುತ್ತದೆ. 100 ಮಿ.ಮೀ. ಪಿಸ್ಟನ್ 200 ಡಿಗ್ರಿ ಬಿಸಿಯೇರಿದರೆ 0.4 ಮಿ.ಮೀ.ನಷ್ಟು ಹಿಗ್ಗುತ್ತದೆ, ಹೆಚ್ಚು ಲೋಹವಿರುವ ಪಿನ್ನಿನ ಕಡೆಯೂ ಬಿಸಿ ತಲೆಯ ಕಡೆಯೂ ಹೆಚ್ಚು ಹಿಗ್ಗುತ್ತದೆ. ತಣ್ಣಗಿರುವಾಗ ಅಂಡಾಕಾರದಲ್ಲಿ ಕಡೆದದ್ದು ಬಿಸಿಯಾದಾಗ ದುಂಡಗಾಗಲಿ ಎಂಬುದು ಕಡೆದವನ ಲೆಕ್ಕ. ಗೋಡೆಗೂ ಅದಕ್ಕೂ ನಡುವೆ ಉಳಿಯುವ ಜಾಗ ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು. ಆ ಜಾಗದಲ್ಲಿ ಎಣ್ಣೆಯ ಪದರವೊಂದು ನಿಂತಿರಬೇಕು. ಎಂಜಿನ್ನು ಅಂದುಕೊಂಡದ್ದಕ್ಕಿಂತ ಐವತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಈ ಲೆಕ್ಕ ತಪ್ಪುತ್ತದೆ, ಎಣ್ಣೆ ಪದರ ಒಡೆಯುತ್ತದೆ, ಲೋಹ ಲೋಹಕ್ಕೆ ಅಂಟುತ್ತದೆ. ‘ಎಂಜಿನ್ ಹಿಡ್ಕೊಂಡೈತಿ’ ಎಂಬ ಮಾತು ಇದನ್ನೇ ಹೇಳುತ್ತದೆ.

ಈಗ ಪಂಚನಾಮೆಗೆ ಬರೋಣ. ಮೈಯ ಮೇಲಿನ ಗುರುತುಗಳಲ್ಲಿ ನಮ್ಮ ಕಡೆಗೆ ಹೆಚ್ಚು ಸಲ್ಲುವಂಥದ್ದು ಧೂಳಿನದು. ಖಾನಾಪುರ ತಾಲ್ಲೂಕಿನ ಮಣ್ಣು ಇಟ್ಟಿಗೆಗೂ ಹೆಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆ ಇಲ್ಲಿರುವುದು ಸುಮ್ಮನೆ ಅಲ್ಲ. ಮಳೆ ನಿಂತ ಮೇಲೆ ಇಟ್ಟಿಗೆ ಭಟ್ಟಿಯ ಹಾದಿಯಲ್ಲಿ, ಗರಸು ಹಾಕಿದ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಎಬ್ಬಿಸುವ ಕೆಂಧೂಳಿನಲ್ಲಿ ಕಬ್ಬಿಣದ ಆಕ್ಸೈಡೂ ಮರಳಿನ ಕ್ವಾರ್ಟ್ಜ್ ಕಣಗಳೂ ಇರುತ್ತವೆ. ಗಡಸುತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7. ಅಲ್ಯುಮಿನಿಯಂ 3ರ ಆಸುಪಾಸು. ಮೂರು ಲೀಟರಿನ ಡೀಸೆಲ್ ಎಂಜಿನ್ 2000 ಸುತ್ತಿನಲ್ಲಿ ನಿಮಿಷಕ್ಕೆ 3000 ಲೀಟರ್ ಗಾಳಿ ನುಂಗುತ್ತದೆ, ಎಂಟು ತಾಸಿನ ದುಡಿಮೆಗೆ ಹದಿನಾಲ್ಕು ಲಕ್ಷ ಲೀಟರಿಗೂ ಮಿಕ್ಕಿ. ಅಷ್ಟು ಗಾಳಿಯೊಂದಿಗೆ ಚಿಟಿಕೆ ಚಿಟಿಕೆ ಮಣ್ಣು ಒಳಹೋದರೆ ಸಾಕು, ಎಣ್ಣೆಯೊಂದಿಗೆ ಬೆರೆತು ಸಾಣೆ ಹಿಡಿಯುವ ಲೇಪವಾಗುತ್ತದೆ. ಹೀಗೆ ಸತ್ತ ಪಿಸ್ಟನ್ನನ್ನು ಗುರುತಿಸುವುದು ಕಷ್ಟವಲ್ಲ. ಮೈ ಹೊಳಪಿಲ್ಲದೆ ಬೂದುಬಣ್ಣಕ್ಕೆ ತಿರುಗಿರುತ್ತದೆ, ಉದ್ದಕ್ಕೂ ಸಣ್ಣ ಗೀರುಗಳು, ಎಲ್ಲಕ್ಕಿಂತ ಹೆಚ್ಚು ಸವೆದದ್ದು ಮೇಲಿನ ರಿಂಗ್. ಅಲ್ಲಿ ಪಿಸ್ಟನ್ ಬದಲಿಸಿ ಏರ್ ಕ್ಲೀನರ್ ಮುಟ್ಟದೆ ಬಿಟ್ಟರೆ ಹೊಸ ಕಿಟ್ಟಿಗೂ ಅದೇ ಗತಿ. ಎಣ್ಣೆ ತುಂಬುವ ಏರ್ ಕ್ಲೀನರಿನ ಬಟ್ಟಲಲ್ಲಿ ಗುರುತಿನ ಮಟ್ಟಕ್ಕೆ ಎಣ್ಣೆ ಇದೆಯೇ, ತಳದಲ್ಲಿ ಕೆಸರು ಎಷ್ಟು ಕೂತಿದೆ ಎಂದು ಧೂಳಿನ ದಿನಗಳಲ್ಲಿ ದಿನವೂ ನೋಡಬೇಕು. ಅದಕ್ಕಿಂತ ಕಣ್ಣಿಗೆ ಬೀಳದ ಅಪರಾಧಿ ಏರ್ ಕ್ಲೀನರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು. ಅದರ ಕೆಳಮೈ ಬಿರುಕು ಬಿಟ್ಟಿದ್ದರೆ, ಕ್ಲಿಪ್ಪು ಸಡಿಲಾಗಿದ್ದರೆ, ಫಿಲ್ಟರ್ ಎಷ್ಟೇ ಹೊಸದಾಗಿರಲಿ ಧೂಳು ಅದನ್ನು ಬಳಸಿಕೊಂಡು ನೇರ ಒಳಗೆ. ಸಾವಿರಾರು ರೂಪಾಯಿಯ ಎಂಜಿನ್ ಕೆಲಸ ಮಾಡಿಸಿ ನೂರಿನ್ನೂರರ ಪೈಪಿಗೆ ಚಿಂದಿ ಸುತ್ತಿ ಬಿಡುವ ಜಾಣತನ ನಮ್ಮಲ್ಲಿ ಕಡಿಮೆಯಿಲ್ಲ.

ಬಿಸಿಯ ಗುರುತು ಬೇರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ ಜಿಲ್ಲೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಏರು ಹತ್ತುವ ಟ್ರ್ಯಾಕ್ಟರುಗಳನ್ನು ನೋಡದವರಿಲ್ಲ. ಅವುಗಳಲ್ಲಿ ಕೆಲವು ಡೀಸೆಲ್ ಪಂಪಿನ ಸೆಟ್ಟಿಂಗ್ ಏರಿಸಿಕೊಂಡವು; ಕರಿಹೊಗೆಯೇ ಅದಕ್ಕೆ ಸಾಕ್ಷಿ. ಹೆಚ್ಚು ಡೀಸೆಲ್ ಸುರಿದರೆ ಎಳೆತ ಹೆಚ್ಚುವುದು ನಿಜ, ಆದರೆ ಶಾಖ ಹರಿದುಹೋಗುವ ದಾರಿಗಳು ಕಂಪನಿ ಇಟ್ಟಷ್ಟೇ ಇರುತ್ತವೆ. ಮೇಲಿನ ಗೇರಿನಲ್ಲೇ ಒದ್ದಾಡಿಸುತ್ತ ಏರಿಸಿದರೆ ಇನ್ನೂ ಕೆಟ್ಟದ್ದು: ಸುತ್ತು ಕಡಿಮೆ, ಎಣ್ಣೆಯ ಪಂಪೂ ನೀರಿನ ಪಂಪೂ ನಿಧಾನ, ಪಿಸ್ಟನ್ನಿನ ಮೇಲಿನ ಹೊರೆ ಮಾತ್ರ ಪೂರ್ತಿ. ಜಾಂಬೋಟಿ, ಕಣಕುಂಬಿಗಳ ಆಚೆಯ ಚೋರ್ಲಾ ಘಾಟಿನಲ್ಲಿ ಗೋವೆಯಿಂದ ಮೇಲೆ ಬರುವ ಲಾರಿಗಳಿಗೂ ಇದೇ ಪಾಠ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರಿನಷ್ಟು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡ ಹಿಡಿದಿಟ್ಟು ಆ ಕುದಿಯನ್ನು ಸುಮಾರು 20 ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ಮುಚ್ಚಳದ ವಾಷರ್ ಸತ್ತಿದ್ದರೆ ಆ ಅಂತರವೂ ಹೋಯಿತು. ನೀರು ತಪ್ಪಿ ಬೆಂದ ಪಿಸ್ಟನ್ನಿನಲ್ಲಿ ಉಜ್ಜಿದ ಕಲೆಗಳು ಪಿನ್ನಿನ ಎರಡೂ ಬದಿಗೆ, ನಾಲ್ಕು ಮೂಲೆಗಳಲ್ಲಿ ಕಾಣುತ್ತವೆ, ಏಕೆಂದರೆ ಅತಿ ಬಿಸಿಯಲ್ಲಿ ಪಿನ್ನಿನ ಕಡೆ ಲೆಕ್ಕ ಮೀರಿ ಹಿಗ್ಗುತ್ತದೆ. ಎಣ್ಣೆ ತಪ್ಪಿ ಸತ್ತದ್ದರಲ್ಲಿ ಕಲೆ ಮೈಯ ಒಂದು ಮುಖದ ಮೇಲೆ ಜೋರಾಗಿರುತ್ತದೆ: ಕನೆಕ್ಟಿಂಗ್ ರಾಡ್ ಓರೆಯಾಗಿ ನಿಂತು ಒತ್ತುವಾಗ ಪಿಸ್ಟನ್ ಗೋಡೆಗೆ ಆತುಕೊಳ್ಳುವ ಮುಖ ಅದು. ಬಿಸಿಯ ಭಯಕ್ಕೆ ಥರ್ಮೋಸ್ಟ್ಯಾಟನ್ನೇ ಕಿತ್ತು ಬಿಸಾಡುವ ಚಾಳಿ ಒಂದಿದೆ. ಸದಾ ತಣ್ಣಗಿರುವ ಎಂಜಿನ್ನಿನಲ್ಲಿ ಸರಿಯಾಗಿ ಉರಿಯದ ಇಂಧನ ಗೋಡೆಯ ಎಣ್ಣೆಯನ್ನು ತೊಳೆದುಹಾಕಿ ರಿಂಗುಗಳನ್ನು ಬೇಗ ಸವೆಸುತ್ತದೆ. ರೋಗಕ್ಕೆ ಹೆದರಿ ಇನ್ನೊಂದು ರೋಗ ತಂದುಕೊಳ್ಳುವ ಕೆಲಸ.

ಇಂಧನದ ಗುರುತುಗಳು ತಲೆಯ ಮೇಲೆ. ಡೀಸೆಲ್ಲಿನಲ್ಲಿ ನಾಝಲ್ ತುಂತುರಾಗಿ ಸಿಂಪಡಿಸುವ ಬದಲು ತೊಟ್ಟಿಕ್ಕತೊಡಗಿದರೆ ಆ ಧಾರೆ ಬಿದ್ದ ಕಡೆ ಪಿಸ್ಟನ್ನಿನ ಅಂಚು ಕರಗಿ ಕೊರೆದಿರುತ್ತದೆ. ಪೆಟ್ರೋಲಿನಲ್ಲಿ ಹೊತ್ತಿಗೆ ಮೊದಲೇ ಉರಿ ಹತ್ತಿದರೆ ತಲೆಯ ನಡುವೆ ತೂತು. ಉರಿ ಹರಡುವ ಬದಲು ಸಿಡಿದರೆ ಅಂಚಿನಲ್ಲಿ ಮರಳು ಹೊಡೆದಂಥ ಗುಳಿಗಳು, ರಿಂಗುಗಳ ನಡುವಿನ ದಂಡೆ ಮುರಿದಿರುವುದು. ಇಲ್ಲಿ ಉಪಯೋಗಕ್ಕೆ ಬರುವ ತರ್ಕ ಬಹಳ ಸುಲಭದ್ದು. ನಾಲ್ಕು ಸಿಲಿಂಡರುಗಳಲ್ಲಿ ಒಂದೇ ಪಿಸ್ಟನ್ ಹಾಳಾಗಿದ್ದರೆ ಆ ಸಿಲಿಂಡರಿಗೆ ಮಾತ್ರ ಸೇರಿದ ಏನೋ ಒಂದು ಕೆಟ್ಟಿದೆ, ಹೆಚ್ಚಾಗಿ ಅದರ ನಾಝಲ್. ನಾಲ್ಕೂ ಒಂದೇ ರೀತಿ ಸವೆದಿದ್ದರೆ ಎಲ್ಲಕ್ಕೂ ಸಮಾನವಾದದ್ದು ಕೆಟ್ಟಿದೆ: ಗಾಳಿ, ಎಣ್ಣೆ, ನೀರು. ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದರೆ ತಾನಾಗಿ ಹೊಳೆಯುವ ಈ ಮಾತು, ಬಿಚ್ಚಿದ್ದನ್ನೆಲ್ಲ ಒಂದೇ ಡಬ್ಬಿಗೆ ಹಾಕಿದರೆ ಯಾವ ಪರಿಣತನಿಗೂ ಹೊಳೆಯುವುದಿಲ್ಲ.

ಹೊರಗಿನಿಂದ ಒಳಹೊಕ್ಕ ನೀರಿನದು ಕ್ಷಣದ ಸಾವು. 2019ರ ಆಗಸ್ಟಿನಲ್ಲಿ ಈ ಜಿಲ್ಲೆ ಕಂಡಂಥ ನೆರೆಯಲ್ಲಿ ನೀರು ತುಂಬಿದ ರಸ್ತೆಗೆ ಗಾಡಿ ಇಳಿಸಿ, ಗಾಳಿಯ ಬಾಯಿಗೆ ನೀರು ಹೊಕ್ಕರೆ ಮುಗಿಯಿತು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬೈಕಿನ 97 ಸಿಸಿ ಸಿಲಿಂಡರಿನಲ್ಲಿ ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ ಸುಮಾರು 11 ಮಿಲಿಲೀಟರ್, ಎರಡು ಚಹಾ ಚಮಚದಷ್ಟು. ಅದಕ್ಕಿಂತ ಹೆಚ್ಚು ನೀರಿದ್ದರೆ ಪಿಸ್ಟನ್ ಗೋಡೆಗೆ ಗುದ್ದಿದಂತೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪ್ರೆಶನ್ ಹೆಚ್ಚಿರುವ ಡೀಸೆಲ್ಲಿಗೆ ಅಪಾಯ ಇನ್ನೂ ಹೆಚ್ಚು. ನೀರಿನಲ್ಲಿ ನಿಂತ ಗಾಡಿಯನ್ನು ಸೆಲ್ಫ್ ಹೊಡೆದು ಹೊಡೆದು ಚಾಲೂ ಮಾಡುವುದೇ ಎಷ್ಟೋ ಸಲ ಕೊಲ್ಲುವ ಪೆಟ್ಟು. ಪ್ಲಗ್ಗನ್ನೋ ನಾಝಲನ್ನೋ ತೆಗೆದು ಕೈಯಿಂದ ಎಂಜಿನ್ ತಿರುಗಿಸಿ ನೀರು ಹೊರಹಾಕಿದರೆ ಅದೇ ಎಂಜಿನ್ ಉಳಿದೀತು.

ಇಷ್ಟೆಲ್ಲ ಸತ್ತ ಮೇಲಿನ ವಿಚಾರಣೆ. ಬದುಕಿದ್ದಾಗಲೇ ಮಾಡುವ ಪದ್ಧತಿಯೂ ನಮ್ಮ ಪಕ್ಕದಲ್ಲೇ ಇದೆ. ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ನಿನಿಂದ ಮುಂದೆ ಕ್ಯಾಸಲ್‌ರಾಕ್ ದಾಟಿದ ಮೇಲೆ ರೈಲು ಕುಳೆಂ ಕಡೆಗೆ ಇಳಿಯುವ ಘಾಟಿನ ಏರು 37ಕ್ಕೆ 1: ಮೂವತ್ತೇಳು ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಎತ್ತರ. ಸರಕಿನ ಗಾಡಿಗಳನ್ನು ಅಲ್ಲಿ ಮುಂದಿನಿಂದ ಎಳೆದರೆ ಸಾಲದು, ಹಿಂದಿನಿಂದಲೂ ಎಂಜಿನ್ ಹಚ್ಚಿ ತಳ್ಳಬೇಕು. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿಗೆ ಸೇರಿದ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್ನುಗಳಲ್ಲಿ ಹದಿನಾರು ಸಿಲಿಂಡರ್, ಒಂದೊಂದು ಪಿಸ್ಟನ್ನಿನ ವ್ಯಾಸ 230 ಮಿ.ಮೀ. ಅಂಥ ಎಂಜಿನ್ ಹೊಗೆ ಉಗುಳುವವರೆಗೆ ರೈಲ್ವೆ ಕಾಯುವುದಿಲ್ಲ. ಡೀಸೆಲ್ ಶೆಡ್ಡುಗಳ ಪ್ರಯೋಗಾಲಯಗಳಲ್ಲಿ ಎಣ್ಣೆಯ ಮಾದರಿಯನ್ನು ಆಗಾಗ ಸ್ಪೆಕ್ಟ್ರೋಮೀಟರಿಗೆ ಕೊಟ್ಟು ಯಾವ ಲೋಹ ಹತ್ತು ಲಕ್ಷದಲ್ಲಿ ಎಷ್ಟು ಭಾಗವಿದೆ ಎಂದು ನೋಡುತ್ತಾರೆ. ಕಬ್ಬಿಣ ಏರಿದರೆ ಲೈನರ್, ರಿಂಗುಗಳ ಕಡೆ ಗಮನ; ಅಲ್ಯುಮಿನಿಯಂ ಏರಿದರೆ ಅಲ್ಯುಮಿನಿಯಂ ಭಾಗಗಳ ಕಡೆ; ತಾಮ್ರ, ಸೀಸ ಏರಿದರೆ ಬೇರಿಂಗ್. ಸಿಲಿಕಾನ್ ಏರಿತೋ, ಧೂಳು ಒಳಹೊಕ್ಕಿದೆ, ಫಿಲ್ಟರ್ ನೋಡಿ ಎಂದರ್ಥ. ಎಂಜಿನ್ ಬಿಚ್ಚುವ ಮೊದಲೇ ಕಾರಣ ಗೊತ್ತು. ಒಬ್ಬ ರೈತನಿಗೆ ಈ ಯಂತ್ರ ಕೈಗೆಟುಕದು, ನಿಜ. ಆದರೆ ಕೆಡುವುದಕ್ಕೆ ಕಾರಣವಿದೆ, ಅದನ್ನು ತಿಳಿಯಬಹುದು ಎಂಬ ಇದರ ಹಿಂದಿನ ನಂಬಿಕೆಗೆ ಖರ್ಚಿಲ್ಲ.

ಇದನ್ನು ಒಪ್ಪದವರ ಮೊದಲ ಮಾತು ಡುಪ್ಲಿಕೇಟ್ ಮಾಲಿನದು. ಪೇಟೆಯಲ್ಲಿ ನಕಲಿ ಕಿಟ್ಟುಗಳಿರುವಾಗ ಗಾಳಿ, ನೀರು ಎಂದು ತತ್ವ ಹೇಳಿ ಏನು ಫಲ? ಇದರಲ್ಲಿ ಹುರುಳಿದೆ. ಸಿಲಿಕಾನ್ ಕಡಿಮೆ ಬಿದ್ದ ಪಿಸ್ಟನ್ ಲೆಕ್ಕಕ್ಕಿಂತ ಹೆಚ್ಚು ಹಿಗ್ಗುತ್ತದೆ. ಎರಕದಲ್ಲಿ ಗಾಳಿಗುಳ್ಳೆ ಉಳಿದದ್ದು ಪಿನ್ನಿನ ಹತ್ತಿರ ಸೀಳುತ್ತದೆ. ಹತ್ತಿರದ ಕೊಲ್ಹಾಪುರದ ಶಿರೋಳಿಯಲ್ಲೇ ಪಿಸ್ಟನ್ ಮಾಡುವ ಹೆಸರಾಂತ ಕಾರ್ಖಾನೆ ಇರುವಾಗ ಮುದ್ರೆಯಿಲ್ಲದ ಡಬ್ಬಿಯ ಮಾಲು ಕೊಳ್ಳುವುದಕ್ಕೆ ಅಗ್ಗದ ಹೊರತು ಬೇರೆ ಕಾರಣವಿಲ್ಲ. ಆದರೆ ಗಮನಿಸಿ: ಮಾಲು ಕೆಟ್ಟದ್ದೆಂದು ಸಾಬೀತು ಮಾಡುವುದಕ್ಕೂ ಹಳೆಯ ಪಿಸ್ಟನ್ನೇ ಬೇಕು. ಮುರಿದ ಮೈಯಲ್ಲಿ ಗುಳ್ಳೆ ಕಂಡರೆ ಮಾತ್ರ ಆ ದೂರು ನಿಲ್ಲುತ್ತದೆ. ಮೈತುಂಬ ಧೂಳಿನ ಗೀರಿದ್ದರೆ ದೂರು ಬಿದ್ದುಹೋಗುತ್ತದೆ. ಕೆಲಸಗಾರನ ತಪ್ಪೂ ಹಾಗೆಯೇ ಗುರುತು ಬಿಡುತ್ತದೆ. ಪಿನ್ನಿನ ಲಾಕ್ ಸರಿಯಾಗಿ ಕೂರದೆ ಹಾರಿದ್ದರೆ ಸಿಲಿಂಡರಿನ ಗೋಡೆಯಲ್ಲಿ ಪಿನ್ನಿನ ನೇರಕ್ಕೆ ಆಳದ ತೋಡು ಬಿದ್ದಿರುತ್ತದೆ. ಬೋರ್ ಮಾಡಿ ಹೋನಿಂಗ್ ಹೊಡೆದ ಮೇಲೆ ಬರೀ ಡೀಸೆಲ್ಲಿನಲ್ಲಿ ಒರೆಸಿ ಕೊಡುವುದು ರೂಢಿ; ಡೀಸೆಲ್ ಕಲ್ಲಿನ ಪುಡಿಯನ್ನು ಪೂರ್ತಿ ಎತ್ತುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷಿನಿಂದ ತಿಕ್ಕಿ, ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆದು, ಕೂಡಲೇ ಎಣ್ಣೆ ಸವರಬೇಕು. ಇಲ್ಲದಿದ್ದರೆ ಹೊಸ ಎಂಜಿನ್ ತನ್ನ ಮೊದಲ ತಾಸಿನಲ್ಲೇ ಖಾನಾಪುರದ ಧೂಳನ್ನು ಮೀರಿಸುವ ಪುಡಿಯಲ್ಲಿ ಓಡಿರುತ್ತದೆ.

ಕಬ್ಬಿನ ಜಿಲ್ಲೆಯಲ್ಲಿ ಈಚೆಗೆ ಕೇಳಿಬರುವ ಇನ್ನೊಂದು ಆಕ್ಷೇಪ ಎಥನಾಲಿನದು. ದೇಶದ ಪೆಟ್ರೋಲಿನಲ್ಲಿ ಎಥನಾಲ್ ಮಿಶ್ರಣ 2025ರಲ್ಲಿ ಶೇ. 20ಕ್ಕೆ ತಲುಪಿತು, ಅಲ್ಲಿಂದ ಪಿಸ್ಟನ್ ಹೋದದ್ದಕ್ಕೆಲ್ಲ ಅದೇ ಕಾರಣ ಎಂಬ ಮಾತು ಗ್ಯಾರೇಜುಗಳಲ್ಲಿ ಸುಲಭವಾಗಿದೆ. ಬಿಡಿಸಿ ನೋಡಬೇಕಾದ ವಿಷಯ. ಎಥನಾಲಿನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಅದು ಹೆಚ್ಚು ಶಾಖ ಹೀರುತ್ತದೆ. ಹೀಗಾಗಿ ಪಿಸ್ಟನ್ ಒಡೆಯುವ ಆ ಸಿಡಿತ ಇದರಿಂದ ಹೆಚ್ಚುವುದಕ್ಕಿಂತ ತಗ್ಗುವ ಸಂಭವವೇ ಜಾಸ್ತಿ. ಇನ್ನೊಂದು ಪಕ್ಕವೂ ಇದೆ. ಒಂದು ಪಾಲು ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಬರೀ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರ್ಬ್ಯುರೇಟರ್ ಈ ಮಿಶ್ರಣಕ್ಕೂ ಹಳೆಯಷ್ಟೇ ಗಾಳಿ ಕೊಡುತ್ತದೆ, ಅಂದರೆ ಇಂಧನ ತೆಳುವಾಗುತ್ತದೆ. ಇಂಜೆಕ್ಷನ್ ಇರುವ ಹೊಸ ಗಾಡಿಗಳು ಸೆನ್ಸರ್ ನೋಡಿ ಇದನ್ನು ಸರಿದೂಗಿಸಿಕೊಳ್ಳುತ್ತವೆ. ಜೊತೆಗೆ ಎಥನಾಲ್ ನೀರು ಹೀರುತ್ತದೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಹಳೆಯ ಬೈಕಿನ ಟ್ಯಾಂಕಿನಲ್ಲಿ ತುಕ್ಕು, ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕಸ, ಉಬ್ಬಿದ ರಬ್ಬರ್ ಇರಬಹುದು. ಕಟ್ಟಿಕೊಂಡ ಜೆಟ್ಟಿನಿಂದ ಇಂಧನ ಇನ್ನಷ್ಟು ತೆಳುವಾಗಿ ಎಂಜಿನ್ ಬೇಯಬಹುದು. ಹಾಗಾದರೆ ಹಳೆಯ ಬೈಕುಗಳ ಮಟ್ಟಿಗೆ ದೂರು ಪೂರ್ತಿ ಸುಳ್ಳಲ್ಲ, ಆದರೆ ಮದ್ದು ಕಾರ್ಬ್ಯುರೇಟರಿನಲ್ಲಿದೆ. ಹೊಸ ಕಿಟ್ ಹಾಕಿ ಹಳೆಯ ಜೆಟ್ ಬಿಟ್ಟರೆ ಏನೂ ಬದಲಾಗುವುದಿಲ್ಲ.

ವಿದ್ಯುತ್ ಗಾಡಿಗಳು ಬರುತ್ತಿರುವಾಗ ಪಿಸ್ಟನ್ ಪುರಾಣ ಯಾಕೆ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಪೇಟೆಯ ಸ್ಕೂಟರುಗಳು ಬೇಗ ಬದಲಾಗುತ್ತಿವೆ. ಟಿಲ್ಲರ್, ಟ್ರ್ಯಾಕ್ಟರ್, ನದಿದಂಡೆಯ ಡೀಸೆಲ್ ಪಂಪು ಅಷ್ಟು ಬೇಗ ಬದಲಾಗವು, ಮತ್ತು ದುರಸ್ತಿಯ ಹೊರೆ ಹೆಚ್ಚು ಬೀಳುವುದು ಇವುಗಳ ಮಾಲೀಕರ ಮೇಲೆಯೇ.

ಗಟ್ಟಿಯಾದ ಆಕ್ಷೇಪ ಮಿಸ್ತ್ರಿಗಳದು. ನಾಟಿಯ ಹದ ನಾಲ್ಕು ದಿನ ಕಾಯುವುದಿಲ್ಲ. ಗಿರಾಕಿ ಸಾಮಾನಿಗೆ ದುಡ್ಡು ಕೊಡುತ್ತಾನೆ, ಕೂಲಿಗೆ ಕೊಡುತ್ತಾನೆ, ನೋಡಿ ಯೋಚಿಸಿದ್ದಕ್ಕೆ ಕೊಡುವುದಿಲ್ಲ. ಇದು ಸೋಮಾರಿಗಳ ನೆಪವಲ್ಲ, ಲೆಕ್ಕದ ಮಾತು, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೂ ಉತ್ತರ ಇದೇ ಊರಿನಲ್ಲಿದೆ. ಎಂಜಿನ್ ಬೆಳಗಾವಿಗೆ ಹೊರಗಿನ ವಿದ್ಯೆಯಲ್ಲ. ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುವಾಗಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಗಿ, ಮುಂದೆ ಹೊಲಹೊಲಕ್ಕೂ ಡೀಸೆಲ್ ಎಂಜಿನ್ ಮುಟ್ಟಿಸಿತು. ಇವತ್ತಿಗೂ ಉದ್ಯಮಬಾಗ, ಮಚ್ಛೆಗಳ ಫೌಂಡ್ರಿ, ಮಷೀನ್ ಶಾಪುಗಳು ದೊಡ್ಡ ಕಂಪನಿಗಳಿಗೆ ಎಂಜಿನ್ನಿನ ಬೀಡಿನ ಭಾಗಗಳನ್ನು ಕಳಿಸುತ್ತಿವೆ. ಆ ಫೌಂಡ್ರಿಗಳಲ್ಲಿ ಒಂದು ಎರಕ ರಿಜೆಕ್ಟ್ ಆದರೆ ಕರಗಿಸಿಬಿಡುವ ಮೊದಲು ಕಾರಣ ಬರೆಯಲೇಬೇಕು: ಗಾಳಿಗುಳ್ಳೆಯೋ, ಮರಳು ಉದುರಿದ್ದೋ, ಲೋಹ ಕುಗ್ಗಿ ಟೊಳ್ಳಾದದ್ದೋ. ಬರೆಯದಿದ್ದರೆ ನಾಳೆಯ ಹೀಟಿನಲ್ಲೂ ಅದೇ ರಿಜೆಕ್ಷನ್ ಬರುತ್ತದೆಂದು ಅಲ್ಲಿನ ಪ್ರತಿ ಸೂಪರ್‌ವೈಸರಿಗೂ ಗೊತ್ತು. ಅಲ್ಲಿ ಇದಕ್ಕೆ ಸಮಯವಿದೆ, ಏಕೆಂದರೆ ನಷ್ಟ ಯಾರದೆಂಬುದು ಗೊತ್ತಿದೆ. ಗ್ಯಾರೇಜಿನಲ್ಲಿ ಎರಡನೆಯ ಕಿಟ್ಟಿನ ನಷ್ಟ ಗಿರಾಕಿಯದು, ಅದಕ್ಕೇ ಅಲ್ಲಿ ಸಮಯವಿಲ್ಲ. ಹಾಗಿರುವಾಗ ಕಾರಣ ಕೇಳಬೇಕಾದವನು ಗಿರಾಕಿಯೇ, ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬೇಕಾದವನೂ ಅವನೇ.

ಕೇಳುವುದು ಹೇಗೆ ಎಂದರೆ ಬಹಳ ಕಷ್ಟದ್ದೇನಲ್ಲ. ಹೆಡ್ ಬಿಚ್ಚುವಾಗ ಎದುರಿಗೆ ಇರಬೇಕು. ಪಿಸ್ಟನ್ನುಗಳನ್ನು ಡೀಸೆಲ್ಲಿನಲ್ಲಿ ತೊಳೆಯುವ ಮುಂಚೆಯೇ ಮೊದಲ ಸಲ ನೋಡಬೇಕು, ಏಕೆಂದರೆ ಮಸಿಯ ಬಣ್ಣ, ಎಣ್ಣೆಯ ಜಿಗುಟು, ರಿಂಗ್ ಸಡಿಲಾಗಿದೆಯೋ ಅಂಟಿದೆಯೋ ಎಂಬುದು ತೊಳೆದ ಮೇಲೆ ಸಿಗುವುದಿಲ್ಲ. ಒಂದೊಂದರ ತಲೆಯ ಮೇಲೂ ಸಿಲಿಂಡರಿನ ನಂಬರು, ರೇಡಿಯೇಟರಿನ ಕಡೆಯ ಮುಖ ಯಾವುದೆಂಬ ಬಾಣ ಗೀಚಿಸಿ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆದುಕೊಳ್ಳಬೇಕು. ಹಳೆಯ ಸೆಟ್ಟನ್ನು ಪಿನ್, ರಿಂಗ್ ಸಮೇತ ಮನೆಗೆ ತಂದಿಟ್ಟು, ಹೊಸ ಎಂಜಿನ್ ಒಂದು ಹಂಗಾಮು ದುಡಿಯುವವರೆಗೆ ಗುಜರಿಗೆ ಕೊಡದಿರುವುದು ಒಳ್ಳೆಯದು. ಮೈತುಂಬ ಬೂದು ಗೀರಿದ್ದರೆ ಏರ್ ಕ್ಲೀನರಿನ ರಬ್ಬರ್ ಪೈಪು ಹೊಸದಾಗಲಿ. ಪಿನ್ನಿನ ಅಕ್ಕಪಕ್ಕ ಉಜ್ಜಿದ್ದರೆ ರೇಡಿಯೇಟರ್ ಬಿಚ್ಚಿಸಿ, ಮುಚ್ಚಳ ಬದಲಿಸಿ. ನಾಲ್ಕರಲ್ಲಿ ಎರಡನೆಯದೊಂದೇ ಅಂಚು ಕರಗಿದ್ದರೆ, ಕಿಟ್ ತರಲು ಬೆಳಗಾವಿಯ ಬಸ್ಸು ಹತ್ತುವವರು ಆ ಸಿಲಿಂಡರಿನ ನಾಝಲನ್ನೂ ಚೀಲಕ್ಕೆ ಹಾಕಿಕೊಂಡು, ಮೊದಲು ಪಂಪು–ನಾಝಲ್ ಪರೀಕ್ಷೆ ಮಾಡುವ ಅಂಗಡಿಗೆ ಹೋಗಿ, ಆಮೇಲೆ ಕಿಟ್ಟಿನ ಅಂಗಡಿಗೆ ಹೋಗಲಿ.